ದೈತ್ಯಮೀನಿನ ನೆಲೆ ಬಲ್ಲವರು

1828ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಮೀನುಗಾರರ ಭರ್ಜಿಗೆ ಸಿಕ್ಕ ಸುಮಾರು 15 ಅಡಿಯ ಮೀನೊಂದನ್ನು, ಕೇಪ್‌ಟೌನಿನಲ್ಲಿ ಬ್ರಿಟಿಷ್ ಸೇನೆಯ ವೈದ್ಯನಾಗಿದ್ದ ಆಂಡ್ರ್ಯೂ ಸ್ಮಿತ್ ಹೊಸ ಜಾತಿಯೆಂದು ಗುರುತಿಸಿದ. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ವಿಜ್ಞಾನದ ಪುಸ್ತಕ ಸೇರಿದ್ದು ಹೀಗೆ. ಗುರುತೇನೋ ಸರಿಯಾಗಿತ್ತು. ಆದರೆ ಟೇಬಲ್ ಕೊಲ್ಲಿಯದು ತಣ್ಣೀರು. ಈ ಮೀನೋ ಉಷ್ಣವಲಯದ ಬೆಚ್ಚನೆಯ ಕಡಲಿನದು. ತನ್ನ ನೆಲೆಯ ಅಂಚಿಗೆ ಅಲೆದು ಬಂದ ಒಂದು ಮೀನಿನಿಂದ ಶುರುವಾದ ಅಧ್ಯಯನ ಮುಂದೆ ನೂರೈವತ್ತು ವರ್ಷ ಕುಂಟುತ್ತಲೇ ಸಾಗಿತು. 1980ರ ದಶಕದ ನಡುವಿನವರೆಗೂ ಜಗತ್ತಿನಾದ್ಯಂತ ಇದರ ಖಚಿತ ದಾಖಲೆಗಳು 350ನ್ನು ಮುಟ್ಟಿರಲಿಲ್ಲ. ಹಾಗಾಗಿ ‘ಅಪರೂಪದ ಮೀನು’ ಎಂಬ ಮಾತು ಬಲವಾಗಿ ಬೇರೂರಿತು. ಮೀನು ಇರುವಲ್ಲಿಗೆ ವಿದ್ವಾಂಸರು ಹೋಗುತ್ತಿದ್ದದ್ದೇ ಅಪರೂಪ ಎಂದು ನನಗನ್ನಿಸುತ್ತದೆ.

ಸೌರಾಷ್ಟ್ರದ ವೆರಾವಲ್ ಸುತ್ತಿನ ಮೀನುಗಾರರಿಗೆ ಅದು ಬೇಸಿಗೆ ಬಂತೆಂದರೆ ಕಾಣಿಸಿಕೊಳ್ಳುವ ಮೀನು. ಅದರ ಪಿತ್ತಜನಕಾಂಗದ ಎಣ್ಣೆಯನ್ನು ಅವರು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ದೊಡ್ಡ ಕಬ್ಬಿಣದ ಕೊಕ್ಕೆ ಚುಚ್ಚಿ, ಅದರ ಹಗ್ಗಕ್ಕೆ ಖಾಲಿ ಪೀಪಾಯಿಗಳನ್ನು ಕಟ್ಟಿಬಿಟ್ಟರೆ ಮೀನು ಆಳಕ್ಕೆ ಇಳಿಯಲಾಗದೆ ಎಳೆದೆಳೆದು ಸೋಲುತ್ತಿತ್ತು. ಆಮೇಲೆ ದಡಕ್ಕೆ ಎಳೆತರುತ್ತಿದ್ದರು. 1990ರ ದಶಕದಲ್ಲಿ ಮಾಂಸ ವಿದೇಶಕ್ಕೆ ಹೋಗತೊಡಗಿದ ಮೇಲೆ ಬೇಟೆ ಮಿತಿಮೀರಿತು. ಮೈಕ್ ಪಾಂಡೆ ಅವರ ಸಾಕ್ಷ್ಯಚಿತ್ರ ಆ ಕ್ರೌರ್ಯವನ್ನು ದೇಶದ ಕಣ್ಣಿಗೆ ಬೀಳಿಸಿತು. 2001ರಲ್ಲಿ ಈ ಮೀನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿ, ಅದರ ಬೇಟೆ ನಿಷಿದ್ಧವಾಯಿತು. ಆ ನಿಷೇಧ ಬರಲೇಬೇಕಿತ್ತು. ಆದರೂ ಈ ಮೀನು ಯಾವ ತಿಂಗಳಲ್ಲಿ, ಯಾವ ನೀರಿನಲ್ಲಿ ಇರುತ್ತದೆಂಬ ತಿಳಿವಳಿಕೆ ಮೊದಲು ಕೂಡಿಬಂದಿದ್ದು ಆ ಬೇಟೆಯಲ್ಲೇ.

ಬೇರೆ ಕಡಲುಗಳದ್ದೂ ಇದೇ ಕಥೆ. 1953ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಟ್ರಾಲರ್ ಬಲೆಯೊಂದು ಸುಮಾರು 30 ಸೆಂಟಿಮೀಟರ್ ಉದ್ದದ ಮೊಟ್ಟೆಚೀಲವನ್ನು ಮೇಲೆತ್ತಿತು. ಒಳಗೆ ತಿಮಿಂಗಿಲ ಶಾರ್ಕಿನ ಭ್ರೂಣವಿತ್ತು. ಇದು ಮೊಟ್ಟೆಯಿಡುವ ಮೀನೆಂದು ನಾಲ್ಕು ದಶಕ ನಂಬಲಾಯಿತು. 1995ರಲ್ಲಿ ತೈವಾನಿನ ಮೀನುಗಾರರಿಗೆ ಸಿಕ್ಕ ಹೆಣ್ಣೊಂದರ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು. ಮೊಟ್ಟೆ ತಾಯಿಯೊಳಗೇ ಒಡೆಯುತ್ತದೆಂದು ಆಗ ಗೊತ್ತಾಯಿತು.

ಮೀನುಗಾರರ ಅರಿವು ದೋಣಿ ಹೋಗುವ ನೀರಿನ ಮೇಲ್ಪದರಕ್ಕಷ್ಟೇ ಸೀಮಿತ ಎಂದು ಯಾರಾದರೂ ಆಕ್ಷೇಪಿಸಬಹುದು. ಅದನ್ನು ಒಪ್ಪಲೇಬೇಕು. ಈ ಮೀನು 1,900 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆಂದು ಹೇಳಿದ್ದು ಮೈಗೆ ಸಿಕ್ಕಿಸಿದ ಉಪಗ್ರಹ ಟ್ಯಾಗುಗಳೇ. ಕಿವಿರಿನ ಹಿಂದಿನ ಬಿಳಿ ಚುಕ್ಕೆಗಳ ವಿನ್ಯಾಸ ಒಂದೊಂದು ಮೀನಿಗೂ ಬೇರೆ. ಖಗೋಳವಿಜ್ಞಾನಿಗಳು ನಕ್ಷತ್ರಚಿತ್ರಗಳನ್ನು ಹೋಲಿಸಲು ಬಳಸುವ ಲೆಕ್ಕಾಚಾರವನ್ನೇ 2005ರಲ್ಲಿ ಸಂಶೋಧಕರು ಈ ಚುಕ್ಕೆಗಳಿಗೂ ಹೊಂದಿಸಿ, ಬಿಡಿಬಿಡಿ ಮೀನನ್ನು ಗುರುತಿಸುವಂತೆ ಮಾಡಿದರು. ಇದ್ಯಾವುದೂ ದೋಣಿಯವರಿಂದ ಆಗುವ ಕೆಲಸವಲ್ಲ. ಆದರೆ ಟ್ಯಾಗ್ ಹಾಕಲು, ಚುಕ್ಕೆಗಳ ಚಿತ್ರ ತೆಗೆಯಲು ಮೊದಲು ಮೀನು ಸಿಗಬೇಕು. ಗುಜರಾತಿನಲ್ಲಿ ಇಂದು ಬಲೆಗೆ ಸಿಕ್ಕ ತಿಮಿಂಗಿಲ ಶಾರ್ಕನ್ನು ಮೀನುಗಾರರೇ ಬಲೆ ಕತ್ತರಿಸಿ ಬಿಡುತ್ತಾರೆ. ಬಿಟ್ಟದ್ದರ ಫೋಟೊ ತೆಗೆಯುತ್ತಾರೆ, ಹಾಳಾದ ಬಲೆಗೆ ಪರಿಹಾರ ಪಡೆಯುತ್ತಾರೆ. ಸೌರಾಷ್ಟ್ರದ ಕಡಲಿನಲ್ಲಿ ಈ ಮೀನಿನ ನೆಲೆ, ಋತುಗಳ ಬಗ್ಗೆ ಸಂಶೋಧಕರಿಗೆ ಸಿಗುತ್ತಿರುವ ಮಾಹಿತಿಯ ದೊಡ್ಡ ಪಾಲು ಈ ಫೋಟೊಗಳಿಂದಲೇ ಬರುತ್ತಿದೆ.