ಮುತ್ಯಾನ ಮುಖ, ರುಮಾಲಿನ ಬೆಳಕು

ಕುಷ್ಟಗಿ ತಾಲೂಕಿನ ನಮ್ಮ ಮನೆಯ ಗೋಡೆಯ ಮೇಲೆ ಮುತ್ಯಾನದು ಒಂದೇ ಒಂದು ಕಪ್ಪು-ಬಿಳುಪು ಫೋಟೊ ಇದೆ. ಪೇಟೆಯ ಸ್ಟುಡಿಯೋದಲ್ಲಿ, ಕರಿ ಬಟ್ಟೆ ಹೊದಿಸಿದ ದೊಡ್ಡ ಕ್ಯಾಮೆರಾದಲ್ಲಿ ತೆಗೆಸಿದ್ದು. ರುಮಾಲಿನ ಒಂದೊಂದು ಸುತ್ತನ್ನೂ ಎಣಿಸಬಹುದು. ಕೆಳಗಿನ ಮುಖ ಮಾತ್ರ ಕತ್ತಲೆ. "ನಿಮ್ಮ ಮುತ್ಯಾ ಇಷ್ಟು ಕರಿ ಇದ್ದಿಲ್ಲಪಾ. ರೊಕ್ಕ ಮಾತ್ರ ಪೂರಾ ತಗೊಂಡ್ರು" ಅಂತ ಅವ್ವ ಈಗಲೂ ಹೇಳ್ತಾಳೆ. ಬಹಳ ದಿನ ಇದನ್ನು ಸೊಸೆಯ ಅಭಿಮಾನ ಅಂದುಕೊಂಡಿದ್ದೆ. ಆ ಮಾತಿನಲ್ಲಿ ವಿಮರ್ಶೆಯೂ ಇದೆಯೆಂದು ತಿಳಿದದ್ದು ತಡವಾಗಿ.

ನಮ್ಮ ಸೀಮೆಗೆ ದೊಡ್ಡ ಕ್ಯಾಮೆರಾ ಬಂದದ್ದು ಕಲ್ಲುಗಳನ್ನು ಹುಡುಕಿಕೊಂಡು. 1856ರಲ್ಲಿ ಕಂಪನಿ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ, ಗಂಗಾವತಿ ತಾಲೂಕಿನ ಆನೆಗೊಂದಿಯ ಆಚೆ ದಂಡೆಯ ಹಂಪಿಯನ್ನು ಮೇಣ ಬಳಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಅಂಥ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಕಲ್ಲು ಅಲುಗದೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಅಡ್ಡ ಹಾದುಹೋದ ಕೂಲಿಯವನ ಗುರುತು ಉಳಿಯುವುದಿಲ್ಲ. ಮುಂದೆ ಮನುಷ್ಯರನ್ನೇ ನಿಲ್ಲಿಸಿ ತೆಗೆದರು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ'ದಲ್ಲಿ ಮನುಷ್ಯನೆಂದರೆ ಬಹುಪಾಲು ಅವನ ಜಾತಿಯ ಮಾದರಿ. ಇತ್ತ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರವರೆಗೆ ನಿಜಾಮ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದಲ್ಲಿ 19ನೇ ಶತಮಾನದ ಕೊನೆಗೆ ರಾಜಾ ದೀನ್ ದಯಾಳ್ ಗಣ್ಯರ ಭಾವಚಿತ್ರ ತೆಗೆಯುತ್ತಿದ್ದರು. ಅವರಿಗೆ ಹೆಸರು, ನಮಗೆ ಜಾತಿ.

ತಂತ್ರದ ತಪ್ಪು ಅನ್ನೋಣವೇ? ಹಳೆಯ ಪ್ಲೇಟುಗಳು ನೀಲಿಯನ್ನು ಚೆನ್ನಾಗಿ ಹಿಡಿಯುತ್ತಿದ್ದವು, ಕೆಂಪನ್ನು ಹಿಡಿಯುತ್ತಿರಲಿಲ್ಲ. ಕಂದು ಮೈ ಇದ್ದುದಕ್ಕಿಂತ ಕಪ್ಪಾಗಿ ಬರುತ್ತಿತ್ತು. ಆದರೆ ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು 1906ರಲ್ಲೇ ಮಾರುಕಟ್ಟೆಗೆ ಬಂತು. ಮುತ್ಯಾನ ಕಾಲಕ್ಕೆ ಅದು ಹಳೆ ಸುದ್ದಿ. ದೀಪ ಎಲ್ಲಿಡಬೇಕು, ಯಾವುದಕ್ಕೆ ಎಕ್ಸ್‌ಪೋಜರ್ ಲೆಕ್ಕ ಹಾಕಬೇಕು ಅನ್ನೋದು ಮನುಷ್ಯನ ತೀರ್ಮಾನ. ಬಿಳಿ ರುಮಾಲಿಗೆ ಲೆಕ್ಕ ಹಾಕಿದರೆ ಮುಖ ಮುಳುಗುತ್ತದೆ. ಮುಖಕ್ಕೆ ಹಾಕಿ, ಡೆವಲಪ್ ಮಾಡುವ ಹೊತ್ತನ್ನು ತುಸು ಕಡಿಮೆ ಮಾಡಿದರೆ ಮುಖವೂ ತೆರೆಯುತ್ತದೆ, ರುಮಾಲಿನ ಮಡಿಕೆಯೂ ಉಳಿಯುತ್ತದೆ. ದೊಡ್ಡ ಫಿಲಂ ಹಾಳೆಗಳನ್ನು ಒಂದೊಂದಾಗಿ ಡೆವಲಪ್ ಮಾಡಬಹುದಾದ್ದರಿಂದ ಇದು ಸುಲಭ. ಎದುರಿಗೆ ಉರಿಯುವ ಬರಿ ಬಲ್ಬಿನ ಬದಲು, ಪಕ್ಕದಲ್ಲಿ ಬಿಳಿ ಬಟ್ಟೆ ಅಡ್ಡ ಕಟ್ಟಿದ ಅಗಲವಾದ ದೀಪವಿದ್ದರೆ ಕಪ್ಪು ಚರ್ಮದ ಮೇಲೆ ಹೊಳಪು ಹರಡಿ ಹಣೆ, ಕೆನ್ನೆ, ನೆರಿಗೆ ಮೂಡುತ್ತವೆ. ಹಿಂದಿನ ಪರದೆ ತುಸು ತಿಳಿಯಾಗಿದ್ದರೆ ತಲೆಯ ಅಂಚು ಕತ್ತಲಲ್ಲಿ ಕರಗುವುದಿಲ್ಲ. ಇಷ್ಟು ಮಾಡುವುದು ಆ ದಿನ ಯಾರಿಗೂ ಬೇಕೆನಿಸಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ದಲಿತ ಎಂದರೆ ಕಪ್ಪು ಅಂತ ಹೇಳಹೊರಟರೆ ನಾವೂ ಆ ಎಂಟು ಸಂಪುಟಗಳ ಹಾದಿಗೇ ಬೀಳುತ್ತೇವೆ. ಅಸ್ಪೃಶ್ಯರು ಬೇರೆ ಜನಾಂಗವೆಂಬ ವಾದವನ್ನು ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ, ಮೂಗಿನ ಅಳತೆಗಳನ್ನೇ ಮುಂದಿಟ್ಟು ತಳ್ಳಿಹಾಕಿದರು. ಮುತ್ಯಾನ ಮೈ ಕಂಡವರ ಹೊಲದ ಬಿಸಿಲಿನಲ್ಲಿ ಸುಟ್ಟದ್ದು.

ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಾಸ್ ಬದುಕಿನುದ್ದಕ್ಕೂ ಸ್ಟುಡಿಯೋಗಳಲ್ಲಿ ಕೂತರು. ಅವರ ಸುಮಾರು 160 ಫೋಟೊಗಳು ಸಿಕ್ಕಿವೆ. ತನ್ನ ಮುಖವನ್ನು ಬೇರೆಯವರು ಬರೆಯಬಾರದೆಂಬ ಹಟ ಅದು. ನಮ್ಮ ಕೇರಿಗಳ ಹಿರಿಯರ ಚಿತ್ರ ತೆಗೆಯಲು ಹೊರಟ ಗೆಳೆಯರಿಗೆ ನನ್ನ ಕೋರಿಕೆ ಇಷ್ಟೇ: ಮೊದಲು ಹೆಸರು ಕೇಳಿ ಬರೆದುಕೊಳ್ಳಿ, ಆಮೇಲೆ ಮುಖಕ್ಕೆ ಬೆಳಕು ಅಳೆಯಿರಿ. ಮುತ್ಯಾನ ನೆಗೆಟಿವ್ ಈಗ ಇಲ್ಲ, ಮತ್ತೆ ಪ್ರಿಂಟ್ ಹಾಕಿಸುವಂತಿಲ್ಲ. ಅವ್ವ ಇದ್ದಾಳೆ.