ಮಾಸ್ಕೋವಿನ ಅಲೆಗಳು

ಮೊಬೈಲ್ ಗೋಪುರಗಳಿಂದ ಮೈಗೆ ಕೇಡುಂಟೇ ಎಂಬ ವಾದ ಎದ್ದಾಗಲೆಲ್ಲ, ತಜ್ಞರು ಎಷ್ಟು ಹೇಳಿದರೂ ನಂಬದವರು ಇದ್ದೇ ಇರುತ್ತಾರೆ. ಅವರನ್ನು ಅಜ್ಞರೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಅಪನಂಬಿಕೆಗೂ ಒಂದು ಚರಿತ್ರೆಯಿದೆ. ಅದರ ಒಂದು ಅಧ್ಯಾಯ ನಡೆದದ್ದು ಮಾಸ್ಕೋದಲ್ಲಿ.

ಅಲ್ಲಿ ಚೈಕೋವ್‌ಸ್ಕಿ ಬೀದಿಯಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಯ ಮೇಲೆ, ಹತ್ತಿರದ ಕಟ್ಟಡದಿಂದ ಮೈಕ್ರೋವೇವ್ ಎಂಬ ರೇಡಿಯೋ ಅಲೆಗಳನ್ನು ವರ್ಷಗಟ್ಟಲೆ ಹಾಯಿಸಲಾಗುತ್ತಿತ್ತು. ಕದ್ದು ಕೇಳುವುದಕ್ಕೆಂದು ಕೆಲವರ ಊಹೆ, ಅಮೆರಿಕನರ ಯಂತ್ರಗಳನ್ನು ಕೆಡಿಸುವುದಕ್ಕೆಂದು ಮತ್ತೆ ಕೆಲವರದು. ವಾಷಿಂಗ್ಟನ್ನಿಗೆ ಇದು ತಿಳಿಯದ ಸಂಗತಿಯೇನಲ್ಲ. 1965ರಲ್ಲಿ 'ಪಂಡೋರ' ಎಂಬ ಗುಪ್ತ ಯೋಜನೆ ಹೂಡಿ, ಕೋತಿಗಳ ಮೇಲೆ ಅಂಥದೇ ಅಲೆಗಳನ್ನು ಬಿಟ್ಟು ಪರೀಕ್ಷಿಸಿದರು. ಕಚೇರಿಯ ನೌಕರರಿಗೆ ಮಾತ್ರ ಬಾಯಿ ಬಿಡಲಿಲ್ಲ. ಅವರ ರಕ್ತವನ್ನೂ ತೆಗೆದರು. ವೈರಸ್ ಹುಡುಕುವುದಕ್ಕೆ ಎಂದು ಹೇಳಿ!

ಈ ಮೌನಕ್ಕೆ ಅಂಕಿಗಳ ಆಸರೆಯೂ ಇತ್ತು. ಅಮೆರಿಕದಲ್ಲಿ ಆಗ ಸುರಕ್ಷಿತವೆನಿಸಿದ ಮಿತಿ ಚದರ ಸೆಂಟಿಮೀಟರಿಗೆ 10 ಮಿಲಿವಾಟ್. ಮೈ ಬಿಸಿಯಾಗದಿದ್ದರೆ ಕೇಡಿಲ್ಲವೆಂಬುದು ಅಲ್ಲಿನ ತಜ್ಞರ ಲೆಕ್ಕ. ರಷ್ಯದ ವೈದ್ಯರಾದರೋ ಕಾರ್ಮಿಕರ ತಲೆನೋವು, ಆಯಾಸಗಳನ್ನೂ ಗಣನೆಗೆ ತಂದುಕೊಂಡು, ದಿನವಿಡೀ ದುಡಿಯುವವರಿಗೆ ಅದರ ಸಾವಿರದಲ್ಲೊಂದು ಪಾಲನ್ನು, ಅಂದರೆ 10 ಮೈಕ್ರೋವಾಟ್ ಅನ್ನು, ಮಿತಿಯಾಗಿ ಇಟ್ಟಿದ್ದರು. ಕಚೇರಿಯ ಗೋಡೆಗೆ ಬೀಳುತ್ತಿದ್ದುದು 1975ರವರೆಗೆ ಹೆಚ್ಚೆಂದರೆ 5 ಮೈಕ್ರೋವಾಟ್. ಆಮೇಲೆ ಅದು ಏರಿ ರಷ್ಯನರ ಮಿತಿಯನ್ನೇ ದಾಟಿತು. ಅಮೆರಿಕ ಗಟ್ಟಿಯಾಗಿ ದೂರಿಕೊಂಡಿದ್ದರೆ ಸ್ವಂತ ಮಿತಿಯನ್ನೇ ಅಲ್ಲಗಳೆದಂತಾಗುತ್ತಿತ್ತು. ತನ್ನ ನಾಡಿನ ರೇಡಾರ್ ಕೆಲಸಗಾರರಿಗೆ ಆಗ ಏನೆಂದು ಉತ್ತರ ಕೊಡುವುದು?

ಗುಟ್ಟು ರಟ್ಟಾದದ್ದು 1976ರಲ್ಲಿ. ರಾಯಭಾರಿ ವಾಲ್ಟರ್ ಸ್ಟೋಸೆಲ್ ನೌಕರರನ್ನು ಕರೆದು ವಿಷಯ ತಿಳಿಸಿದರು, ಪತ್ರಿಕೆಗಳು ಬರೆದವು, ಕಿಟಕಿಗಳಿಗೆ ಲೋಹದ ಜಾಲರಿ ಬಂತು. ಕೇಡಿಲ್ಲವೆಂದಾದರೆ ಜಾಲರಿ ಏತಕ್ಕೆ?

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಏಬ್ರಹಾಂ ಲಿಲಿಯನ್‌ಫೆಲ್ಡ್ ಮಾಸ್ಕೋದಲ್ಲಿ ದುಡಿದ 1,827 ನೌಕರರನ್ನು ಪೂರ್ವ ಯುರೋಪಿನ ಇತರ ಕಚೇರಿಗಳ 2,561 ಮಂದಿಯೊಡನೆ ಹೋಲಿಸಿ, 1978ರಲ್ಲಿ ವರದಿ ಕೊಟ್ಟರು. ಅಲೆಗಳಿಂದ ಕೇಡಾಯಿತೆಂಬುದಕ್ಕೆ ನಂಬತಕ್ಕ ಸಾಕ್ಷ್ಯ ಸಿಗಲಿಲ್ಲ. ಇವರಲ್ಲಿ ಬಹುಮಂದಿ ಇನ್ನೂ ಚಿಕ್ಕ ವಯಸ್ಸಿನವರು, ನಿಧಾನವಾಗಿ ತಲೆದೋರುವ ರೋಗಗಳಿಗೆ ಕಾಲ ಸಾಲದು ಎಂದೂ ಅವರು ಎಚ್ಚರಿಸಿದ್ದರು. ಪ್ರಾಮಾಣಿಕನಾದ ವಿಜ್ಞಾನಿ ಆಡಬೇಕಾದ ಮಾತೇ ಅದು. ಆದರೆ ಅದು ಬಂದದ್ದು ಸುಳ್ಳು ಹೇಳಿ ರಕ್ತ ತೆಗೆದ ಮೇಲೆ.

ಸ್ಟೋಸೆಲ್ 1986ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಒಬ್ಬರ ಸಾವಿನಿಂದ ಕಾರಣ ಸಿದ್ಧವಾಗದು, ನಿಜ. ಆದರೂ ಮಾಸ್ಕೋವಿನ ಕಥೆ ಹೇಳುವವರಲ್ಲಿ ಹಲವರು ಲಿಲಿಯನ್‌ಫೆಲ್ಡರ ಅಂಕಿಗಳಿಗಿಂತ ಮುಂಚೆ ಎತ್ತುವುದು ಆ ಸಾವಿನ ಮಾತನ್ನೇ.