ಮೊದ್ಲು ದುಡ್ಡಾ, ಮೊದ್ಲು ಕರೆಂಟಾ?

ಕರೆಂಟಿನ ಕಡದ ಕಥೆ, 1/7

ಹ್ವಾಯ್, ಒಂದು ಪ್ರಶ್ನೆ. ಫೋನಿಗೆ ನಾವೆಲ್ಲ ಮೊದ್ಲೇ ರೀಚಾರ್ಜ್ ಮಾಡ್ತೇವೆ. 28 ದಿನ ಮುಗಿದ ಕೂಡ್ಲೆ ನೆಟ್ ಬಂದ್. ಆದ್ರೆ ಮನೆಯ ಫ್ಯಾನು, ಲೈಟು, ಬಾವಿಯ ಪಂಪು ತಿಂಗಳಿಡೀ ಓಡಿದ ಮೇಲಷ್ಟೇ ಬಿಲ್ ಬರ್ತದೆ. ಒಬ್ಬರು ನಮ್ಮನ್ನ ಒಂದು ದಿನವೂ ನಂಬೂದಿಲ್ಲ, ಇನ್ನೊಬ್ಬರು ತಿಂಗಳುಗಟ್ಟಲೆ ನಂಬ್ತಾರೆ. ಎಂತಕ್ಕೆ?

ನಮ್ಮ ಕೋಡಿಯಲ್ಲಿ ಕಡ ಅಂದ್ರೆ ಎಂತ ಅಂತ ಯಾರಿಗೂ ಪಾಠ ಮಾಡ್ಬೇಕಂತಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಪಂಚಗಂಗಾವಳಿ. ಜೂನ್ 1ರಿಂದ ಜುಲೈ 31ರ ತನಕ, ಅಂದ್ರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟಿನ ಕೆಲಸ ನಂಬಿದ ಮನೆಗಳಲ್ಲಿ ಆ ಎರಡು ತಿಂಗಳು ಅಂಗಡಿಯ ಪುಸ್ತಕದಲ್ಲಿ ಲೆಕ್ಕ ಬೆಳೀತಾ ಹೋಗ್ತದೆ, ಬೋಟು ಹೊರಟ ಮೇಲೆ ತೀರ್ತದೆ. ಅಂಗಡಿಯವರಿಗೂ ಗೊತ್ತು, ನಮಗೂ ಗೊತ್ತು.

ಕರೆಂಟ್ ಬಿಲ್ಲು ಸಹ ಅದೇ ಜಾತಿಯ ಪುಸ್ತಕ. ಪೋಸ್ಟ್‌ಪೇಯ್ಡ್ ಮೀಟರ್ ಅಂದ್ರೆ ಕಡ ಕೊಡುವ ಅಂಗಡಿ. ಪ್ರೀಪೇಯ್ಡ್ ಅಂದ್ರೆ "ಇಂದು ನಗದು, ನಾಳೆ ಉದ್ರಿ" ಬೋರ್ಡ್ ಹಾಕಿದ ಅಂಗಡಿ. ಈಗ ದೇಶದ ತುಂಬ ಎರಡನೇ ಬೋರ್ಡ್ ಬರ್ತಾ ಉಂಟು. ಆ ಬೋರ್ಡ್ ಎಲ್ಲಿಂದ ಬಂತು, ಅದರಿಂದ ಈಚೆ ದಾಟುವುದು ಹೇಗೆ? ಏಳು ಪೋಸ್ಟಲ್ಲಿ ಕಾಂಬ.

2/7 ಪೆನ್ನಿ ಹಾಕು, ದೀಪ ಹಚ್ಚು

ಮೊದ್ಲು ದುಡ್ಡು, ಆಮೇಲೆ ಬೆಳಕು ಅನ್ನೂದು ಮೊಬೈಲ್ ಕಾಲದ ಐಡಿಯಾ ಅಂದ್ಕೊಂಡಿದ್ರೆ, ಅಲ್ಲ. ಅದು 1880ರ ದಶಕದ್ದು.

ಆಗ ಇಂಗ್ಲೆಂಡಿನ ಪೇಟೆಗಳಲ್ಲಿ ಬೆಳಕು ಅಂದ್ರೆ ಗ್ಯಾಸ್ ದೀಪ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಬಿಲ್ ಮಾಡ್ತಿದ್ವು. ವಾರದ ಕೂಲಿಯಲ್ಲಿ ಬದುಕುವ ಮನೆಗೆ ಮೂರು ತಿಂಗಳ ದುಡ್ಡನ್ನ ಒಟ್ಟಿಗೆ ತೆಗೆಯೂದು ಆಗದ ಮಾತು. ಕಂಪನಿಗೂ ಆ ಮನೆಯ ಮೇಲೆ ನಂಬಿಕೆ ಇಲ್ಲ. ಹಾಗಾಗಿ ಬಡವರ ಕೇರಿಗೆ ಗ್ಯಾಸೇ ಹೋಗ್ತಿರಲಿಲ್ಲ.

ಆಗ ಬಂತು ನಾಣ್ಯದ ಮೀಟರ್. ಸೀಳಿನಲ್ಲಿ ಒಂದು ಪೆನ್ನಿ ಹಾಕಿದ್ರೆ ಒಂದಷ್ಟು ಗ್ಯಾಸ್. ಮುಗೀತಾ, ಇನ್ನೊಂದು ಪೆನ್ನಿ. ಬಿಲ್ ಇಲ್ಲ, ಡೆಪಾಸಿಟ್ ಇಲ್ಲ, ಸಾಲದ ಹೆದರಿಕೆ ಇಲ್ಲ. ಕೆಲವೇ ವರ್ಷದಲ್ಲಿ ಲಕ್ಷಾಂತರ ಕೂಲಿಕಾರ ಮನೆಗಳಿಗೆ ಗ್ಯಾಸ್ ಬಂತು. ಆಮೇಲೆ ಕರೆಂಟಿಗೂ ಅದೇ ಥರದ ಮೀಟರ್ ಬಂತು, ಶಿಲ್ಲಿಂಗ್ ಹಾಕುವಂಥದ್ದು.

ಹಾಗಾಗಿ ಪ್ರೀಪೇಯ್ಡ್ ಹುಟ್ಟಿದ್ದು ಬಡವರಿಗೆ ಬಾಗಿಲು ತೆರೆಯುವ ವಸ್ತುವಾಗಿ. ಇದನ್ನ ಒಪ್ಲೇಬೇಕು. ಆದ್ರೆ ಆ ಬಾಗಿಲಿಗೆ ಬೇರೆ ದರ ಇತ್ತು. ಪೈಪು, ಮೀಟರು, ಒಲೆ ಹಾಕಿಕೊಟ್ಟ ಖರ್ಚನ್ನ ಕಂಪನಿ ಗ್ಯಾಸಿನ ಬೆಲೆಯಲ್ಲೇ ಸೇರಿಸ್ತಿತ್ತು. ಪೆನ್ನಿ ಹಾಕುವ ಮನೆಗೆ ಸಿಗ್ತಿದ್ದ ಗ್ಯಾಸು, ಬಿಲ್ ಕಟ್ಟುವ ಶ್ರೀಮಂತರಿಗೆ ಸಿಗ್ತಿದ್ದ ಗ್ಯಾಸಿಗಿಂತ ತುಟ್ಟಿ.

3/7 ನಮ್ಮಲ್ಲಿ ಕಡವೇ ಮೊದಲು

ನಮ್ಮ ರಾಜ್ಯದ ಕಥೆ ಬೇರೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್ 5ಕ್ಕೆ ಬೆಂಗಳೂರಿನ ಬೀದಿದೀಪ ಹೊತ್ತಿತು. ಮೊದಲ ದೊಡ್ಡ ಗಿರಾಕಿ ಗಣಿ ಕಂಪನಿ, ಆಮೇಲೆ ಊರಿನ ಬೀದಿ. ಇಂಥವರಿಗೆ ಯಾರಾದ್ರೂ ನಾಣ್ಯದ ಮೀಟರ್ ಇಡ್ತಾರಾ? ಮೊದಲು ಬಳಕೆ, ಆಮೇಲೆ ಲೆಕ್ಕ.

ನಮ್ಮ ಕುಂದಾಪ್ರ ಆಗ ಮೈಸೂರಲ್ಲಿ ಇರಲೇ ಇಲ್ಲ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ಸೌತ್ ಕೆನರಾ. ಆದ್ರೆ ಎರಡೂ ಕಡೆಯ ಕರೆಂಟು ಕೊನೆಗೆ ಒಂದೇ ಮನೆ ಸೇರಿತು. 1957ರಲ್ಲಿ ಶುರುವಾದ ವಿದ್ಯುತ್ ಮಂಡಳಿ, ಅಂದ್ರೆ ಕೆಇಬಿ. 1999ರಲ್ಲಿ ಅದು ಕೆಪಿಟಿಸಿಎಲ್ ಆಯ್ತು, 2002ರಲ್ಲಿ ನಮ್ಮ ಭಾಗಕ್ಕೆ ಮೆಸ್ಕಾಂ ಬಂತು. ಅಜ್ಜಿಯಂದಿರ ಬಾಯಲ್ಲಿ ಮಾತ್ರ ಇವತ್ತಿಗೂ "ಕೆಇಬಿ ಬಿಲ್ಲೇ".

ನಮ್ಮ ತಾಲೂಕು ಬರೀ ಕರೆಂಟ್ ಉರಿಸುವ ಜಾಗ ಅಲ್ಲ, ನೆನಪಿರಲಿ. ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರ 1989ರಲ್ಲಿ ಶುರುವಾಯ್ತು. 2009ರಲ್ಲಿ ಇನ್ನೆರಡು ಘಟಕ ಸೇರಿ ಒಟ್ಟು 460 ಮೆಗಾವ್ಯಾಟ್. ಅದೇ ವಾರಾಹಿ ಹರಿದು ಬಂದು ನಮ್ಮ ಪಂಚಗಂಗಾವಳಿ ಸೇರ್ತದೆ.

ಈಗ ನಿಮ್ಮ ಬಿಲ್ಲಿನ ಆರ್‌ಆರ್ ನಂಬರ್ ನೋಡಿ. ಆರ್‌ಆರ್ ಅಂದ್ರೆ ರೆವೆನ್ಯೂ ರಿಜಿಸ್ಟರ್. ಅಂದ್ರೆ ಅದು ಮೀಟರಿನ ನಂಬರ್ ಅಲ್ಲ, ಪುಸ್ತಕದ ನಂಬರ್. ಮೀಟರ್ ಹಾಳಾಗಿ ಹೊಸದು ಬಂದ್ರೂ ಅದು ಬದಲಾಗೂದಿಲ್ಲ. ಬಿಕಾಂನವ್ರಿಗೆ ಬಿಡಿಸಿ ಹೇಳ್ಬೇಕಾ? ಅದು ನಮ್ಮ ಲೆಡ್ಜರ್ ಖಾತೆ.

4/7 ಯಾರಿಗೆ ಯಾರು ಸಾಲಗಾರ?

ಕಡ ಕೊಡುವವರು ಸುಮ್ಮನೆ ಕೊಡ್ತಾರಾ? ಇಲ್ಲ. ಕನೆಕ್ಷನ್ ತಗೊಳ್ಳುವಾಗ ಭದ್ರತಾ ಠೇವಣಿ ಇಡ್ಬೇಕು. ನಮ್ಮಲ್ಲಿ ಅದು ಸರಾಸರಿ ಎರಡು ತಿಂಗಳ ಬಿಲ್ಲಿನಷ್ಟು. ತಿಂಗಳ ಬಿಲ್ 1,500 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಕೊಳ್ಳಿ, ಠೇವಣಿ 3,000. ಬಳಕೆ ಜಾಸ್ತಿ ಆದ್ರೆ "ಹೆಚ್ಚುವರಿ ಠೇವಣಿ ಕಟ್ಟಿ" ಅಂತ ನೋಟಿಸ್ ಬರೂದು ಇದಕ್ಕೇ.

ಎರಡೇ ತಿಂಗಳು ಯಾಕೆ? ಲೆಕ್ಕ ಹಾಕಿ. 30 ದಿನ ಉರಿಸ್ತೇವೆ. ಬಿಲ್ ಕಟ್ಟಲಿಕ್ಕೆ ಸುಮಾರು 15 ದಿನ. ಕಟ್ಟದಿದ್ರೆ ಲೈನ್ ತೆಗೆಯುವ ಮೊದಲು 15 ದಿನದ ನೋಟಿಸ್. ಒಟ್ಟು 60. ಅಷ್ಟು ದಿನ ಕಂಪನಿ ನಮಗೆ ಸಾಲ ಕೊಟ್ಟ ಹಾಗೆ, ಆ ಸಾಲಕ್ಕೆ ಅಡವು ಈ ಠೇವಣಿ. ನಮ್ಮ ಕಡಲಿನ ರಜೆಯೂ ಹೆಚ್ಚುಕಮ್ಮಿ ಅಷ್ಟೇ ದಿನ ಅನ್ನೂದು ಕಾಕತಾಳೀಯ. ಆದ್ರೆ ಮಳೆಗಾಲದಲ್ಲಿ ಆ 60 ದಿನದ ಬೆಲೆ ಎಂತ ಅಂತ ಕೋಡಿಯವ್ರಿಗೆ ಗೊತ್ತು.

ಆ ನೋಟಿಸಿಗೂ ಒಂದು ಇತಿಹಾಸ ಉಂಟು. 1910ರ ಭಾರತೀಯ ವಿದ್ಯುತ್ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಲಿಖಿತ ನೋಟಿಸ್ ಕೊಟ್ಟು 7 ದಿನ ಕಾಯ್ಬೇಕಿತ್ತು. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಅದನ್ನ 15 ಮಾಡ್ತು. ಬಿಲ್ ತಪ್ಪು ಅಂತ ತಕರಾರು ಇದ್ರೆ, ಕೇಳಿದಷ್ಟು ದುಡ್ಡು ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಮ್ಮಿಯೋ ಅದನ್ನ ಆಕ್ಷೇಪದೊಂದಿಗೆ ಕಟ್ಟಿದ್ರೆ ಲೈನ್ ತೆಗೆಯುವ ಹಾಗಿಲ್ಲ. ಠೇವಣಿಗೆ ಬ್ಯಾಂಕ್ ದರದಲ್ಲಾದ್ರೂ ಬಡ್ಡಿ ಕೊಡ್ಬೇಕು ಅನ್ನುತ್ತದೆ 47ನೇ ಸೆಕ್ಷನ್.

ಈಗ ಪ್ರೀಪೇಯ್ಡ್ ನೋಡಿ. ಅಲ್ಲಿ ನಾವು ಡೆಟರ್ ಅಲ್ಲ. ದುಡ್ಡು ಮೊದಲೇ ಕೊಟ್ಟಿದ್ದೇವೆ, ಕರೆಂಟು ಇನ್ನೂ ಬರ್ಬೇಕಷ್ಟೆ. ಕಂಪನಿಯ ಪುಸ್ತಕದಲ್ಲಿ ಅದು ಲಯಬಿಲಿಟಿ, ನಾವು ಕ್ರೆಡಿಟರ್. ಹೆಸರು ದೊಡ್ಡದಾಯ್ತು. ಆದ್ರೆ ಜಗಳ ಬಂದ್ರೆ ದುಡ್ಡು ಆಗಲೇ ಅವರ ಕೈಯಲ್ಲಿ.

5/7 ಯಾರೂ ಬಂದು ಫ್ಯೂಸ್ ತೆಗೀಲಿಲ್ಲ

1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಸೊವೆಟೊದಂಥ ಕಪ್ಪು ಜನರ ಬಡಾವಣೆಗಳಲ್ಲಿ ವರ್ಣಭೇದ ಸರ್ಕಾರದ ವಿರುದ್ಧ ಬಾಡಿಗೆ, ಕರೆಂಟು, ನೀರಿನ ಬಿಲ್ ಕಟ್ಟದೆ ಚಳುವಳಿ ನಡೀತು. ಆಮೇಲಿನ ವರ್ಷಗಳಲ್ಲಿ ಅಲ್ಲಿ ಪ್ರೀಪೇಯ್ಡ್ ಮೀಟರ್ ದೊಡ್ಡದಾಗಿ ಹರಡಿತು. ನಾಣ್ಯದ ಬದಲು 20 ಅಂಕೆಯ ಟೋಕನ್. ಅಂಗಡಿಯಲ್ಲಿ ಕೊಳ್ಳಿ, ಮೀಟರಿಗೆ ಒತ್ತಿ.

ಸೊವೆಟೊದ ಫಿರಿ ಅನ್ನುವ ಜಾಗದವರು ಪ್ರೀಪೇಯ್ಡ್ ನೀರಿನ ಮೀಟರ್ ವಿರುದ್ಧ ಕೋರ್ಟಿಗೆ ಹೋದ್ರು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ್ದು ಎಂತ ಗೊತ್ತಾ? ಮೀಟರ್ ಖಾಲಿಯಾಗಿ ನೀರು ನಿಂತ್ರೆ ಅದು ಸಂಪರ್ಕ ಕಡಿತ ಅಲ್ಲ, ತಾತ್ಕಾಲಿಕ ನಿಲುಗಡೆ ಅಷ್ಟೆ. ಹಾಗಾಗಿ ಪ್ರತಿ ಸಲ ನೋಟಿಸ್ ಕೊಡಬೇಕಾಗಿಲ್ಲ.

ಇಡೀ ವಿಷಯದ ಗಂಟು ಇರೂದೇ ಇಲ್ಲಿ. ಪೋಸ್ಟ್‌ಪೇಯ್ಡ್‌ನಲ್ಲಿ ಕತ್ತಲೆ ಮಾಡ್ಬೇಕಾದ್ರೆ ಒಬ್ಬರು ನೋಟಿಸ್ ಬರೀಬೇಕು, ಒಬ್ಬರು ಮನೆ ಬಾಗಿಲಿಗೆ ಬರ್ಬೇಕು. ಬಂದವರು ಅಂಗಳದಲ್ಲಿ ಮಕ್ಕಳನ್ನ ನೋಡ್ತಾರೆ, "ನಾಳೆ ಕಟ್ತೇವೆ ಮಾರಾಯ್ರೆ" ಅನ್ನೂದನ್ನ ಕೇಳಿಸಿಕೊಳ್ತಾರೆ. ಪ್ರೀಪೇಯ್ಡ್‌ನಲ್ಲಿ ಬ್ಯಾಲೆನ್ಸ್ ಮುಗಿದ್ರೆ ಆಯ್ತು. ಯಾರೂ ಕಡಿತ ಮಾಡಲಿಲ್ಲ, ನೀವೇ ರೀಚಾರ್ಜ್ ಮಾಡಲಿಲ್ಲ. ಎಷ್ಟು ಮನೆ ಕತ್ತಲಲ್ಲಿ ಕೂತಿತ್ತು ಅನ್ನೂದು ಊರಿನ ಕಣ್ಣಿಗೆ ಬೀಳೂದೂ ಇಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ಹೆಸರೇ ಉಂಟು, ಸೆಲ್ಫ್ ಡಿಸ್ಕನೆಕ್ಷನ್. ಬಿಲ್ ಬಾಕಿ ಇಟ್ಟ ಮನೆಗಳಿಗೆ ಕೋರ್ಟ್ ವಾರಂಟ್ ಹಿಡಿದು ನುಗ್ಗಿ ಪ್ರೀಪೇಯ್ಡ್ ಮೀಟರ್ ಕೂರಿಸಿದ್ದು ಪತ್ರಿಕೆಯಲ್ಲಿ ಬಂದು, 2023ರ ಫೆಬ್ರವರಿಯಲ್ಲಿ ಆ ಬಲವಂತವನ್ನ ನಿಲ್ಲಿಸಬೇಕಾಯ್ತು. ಅಲ್ಲಿ ಪ್ರೀಪೇಯ್ಡ್‌ನಿಂದ ಕ್ರೆಡಿಟ್ ಖಾತೆಗೆ ಬರ್ಬೇಕಾದ್ರೆ ಹಳೆ ಬಾಕಿ ತೀರಿಸ್ಬೇಕು, ಜೊತೆಗೆ ಕ್ರೆಡಿಟ್ ಚೆಕ್ ಅಥವಾ ಡೆಪಾಸಿಟ್ ಕೇಳಬಹುದು. ಒಳಗೆ ಹೋಗೂದು ಸುಲಭ, ಹೊರಗೆ ಬರೂದಕ್ಕೆ ಪರೀಕ್ಷೆ.

6/7 ಈಗ ನಮ್ಮ ಮನೆ ಬಾಗಿಲಲ್ಲಿ

ಭಾರತದಲ್ಲಿ 2003ರ ಕಾಯ್ದೆಯಲ್ಲೇ ಪ್ರೀಪೇಯ್ಡ್‌ಗೆ ಜಾಗ ಇತ್ತು. ಪ್ರೀಪೇಯ್ಡ್ ಮೀಟರ್ ಒಪ್ಪಿಕೊಂಡವರಿಂದ ಠೇವಣಿ ಕೇಳುವ ಹಾಗಿಲ್ಲ ಅಂತ 47ನೇ ಸೆಕ್ಷನ್ನಿನ 5ನೇ ಉಪವಿಭಾಗ. ಅದು ನಮ್ಮ ಆಯ್ಕೆ ಅನ್ನುವ ಧಾಟಿ. 2020ರ ಡಿಸೆಂಬರ್ 31ರ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಧಾಟಿ ಬದಲಾಯ್ತು. ಹೊಸ ಮೀಟರ್ ಪ್ರೀಪೇಯ್ಡೇ ಆಗಿರಬೇಕು, ಬೇರೆ ಬೇಕಾದ್ರೆ ಆಯೋಗದ ಒಪ್ಪಿಗೆ ಬೇಕು. 2021ರಲ್ಲಿ ಕೇಂದ್ರ 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ಮೀಟರಿನ ಗುರಿ ಇಟ್ಟಿತು. 2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರಾದಲ್ಲಿ ಜನ ಈ ಮೀಟರ್ ವಿರುದ್ಧ ಬೀದಿಗೆ ಇಳಿದ್ರು.

ಕರ್ನಾಟಕ ನಡುದಾರಿ ಹಿಡೀತು. 2024ರಲ್ಲಿ ಕೆಇಆರ್‌ಸಿ ಸ್ಮಾರ್ಟ್ ಮೀಟರ್ ನಿಯಮ ತಂತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಬೆಸ್ಕಾಂ ಅದನ್ನ ಜಾರಿ ಮಾಡಿದಾಗ ವ್ಯವಸ್ಥೆ ಹೀಗಿತ್ತು: ತಾತ್ಕಾಲಿಕ ಸಂಪರ್ಕಕ್ಕೆ ಪ್ರೀಪೇಯ್ಡ್, ಕಾಯಂ ಸಂಪರ್ಕಕ್ಕೆ ಪೋಸ್ಟ್‌ಪೇಯ್ಡ್.

ತಾತ್ಕಾಲಿಕ ಅಂದ್ರೆ ಯಾರು? ಹೆಚ್ಚಾಗಿ ಮನೆ ಕಟ್ಟುವವ್ರು. ಅಂದ್ರೆ ನಮ್ಮ ರಾಜ್ಯದಲ್ಲಿ ಪ್ರೀಪೇಯ್ಡ್‌ನಿಂದ ಕ್ರೆಡಿಟ್ ಖಾತೆಗೆ ದಾಟುವ ಸೇತುವೆ ಗೃಹಪ್ರವೇಶ. ಮನೆ ಮುಗಿಸಿ, ಕಾಗದ ಕೊಟ್ಟು, ಠೇವಣಿ ಇಟ್ಟು, ಖಾತೆ ತೆರೀಬೇಕು. ಆ ಸೇತುವೆ ಕೆಲವರಿಗೆ ಇಕ್ಕಟ್ಟಾಯ್ತು. ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ 2024ರ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಸರ್ಕಾರ ಸಣ್ಣ ಮನೆಗಳಿಗೆ ವಿನಾಯಿತಿಯ ದಾರಿ ಹುಡುಕಿತು. ಆದ್ರೂ ಗೋಡೆ ಎದ್ದು, ಹೆಂಚು ಹೊದೆಸಿ, ಜನ ವಾಸಕ್ಕೆ ಬಂದ ಮೇಲೂ ಕಾಗದ ಸಿಗದಿದ್ರೆ ಆ ಮನೆ ತಾತ್ಕಾಲಿಕದಲ್ಲೇ ಉಳೀತದೆ. ದರವೂ ಹೆಚ್ಚು.

ಗೃಹಜ್ಯೋತಿಯೂ ಅವ್ರಿಗೆ ಸಿಗೂದಿಲ್ಲ. 1979-80ರಲ್ಲಿ ಭಾಗ್ಯಜ್ಯೋತಿ ಬಡವರ ಮನೆಗೆ ಬಲ್ಬ್ ತಂತು. 2023ರ ಆಗಸ್ಟ್ 5ಕ್ಕೆ, ಬೆಂಗಳೂರಿನ ಬೀದಿದೀಪದ ಅದೇ ತಾರೀಕಿಗೆ, ಕಲಬುರಗಿಯಲ್ಲಿ ಗೃಹಜ್ಯೋತಿ ಶುರುವಾಯ್ತು. 200 ಯೂನಿಟ್ ಮಿತಿಯೊಳಗೆ, 2022-23ರ ಸರಾಸರಿ ಮೇಲೆ ಶೇ. 10 ಸೇರಿಸಿದಷ್ಟು ಫ್ರೀ ಅನ್ನೂದು ಶುರುವಿನ ನಿಯಮ ಆಗಿತ್ತು. ತಿಂಗಳು ಮುಗಿದ ಮೇಲೆ ಬಳಕೆ ನೋಡಿ ಕಳೆಯುವ ಲೆಕ್ಕ ಇದು. ಪೋಸ್ಟ್‌ಪೇಯ್ಡ್ ಪುಸ್ತಕ ಇದ್ದದ್ದಕ್ಕೇ ಸಲೀಸಾಗಿ ಕೂತಿತು.

7/7 ಹಾಗಾದ್ರೆ ಪ್ರೀಪೇಯ್ಡ್ ಕೆಟ್ಟದ್ದಾ?

ಅಲ್ಲ. ನ್ಯಾಯವಾಗಿ ಮಾತಾಡುವ. ಮೆಸ್ಕಾಂ ಕರೆಂಟನ್ನ ದುಡ್ಡು ಕೊಟ್ಟೇ ಕೊಳ್ಳೂದು. ನಮ್ಮ ಬಾಕಿ ಬೆಳೆದ್ರೆ ಅದು ಸಾಲ ಮಾಡ್ಬೇಕು, ಆ ಬಡ್ಡಿ ಕೊನೆಗೆ ಎಲ್ಲರ ದರದಲ್ಲಿ ಬರ್ತದೆ. ಬಾಡಿಗೆ ರೂಮಿನ ಹುಡುಗರಿಗೆ ಹಳಬರು ಬಿಟ್ಟುಹೋದ ಬಾಕಿಯ ತಲೆನೋವು ಪ್ರೀಪೇಯ್ಡ್‌ನಲ್ಲಿ ಇಲ್ಲ. ಠೇವಣಿಯ ದುಡ್ಡು ಕೈಯಲ್ಲೇ ಉಳೀತದೆ. ದಿನದ ಬಳಕೆ ಮೊಬೈಲಲ್ಲೇ ಕಾಣ್ತದೆ. ಲೆಕ್ಕ ಇಟ್ಟು ಖರ್ಚು ಮಾಡುವವ್ರಿಗೆ ಇದು ಇಷ್ಟ ಆಗ್ಲೂಬಹುದು. ಇಷ್ಟಪಟ್ಟು ತಗೊಂಡ್ರೆ ಯಾರ ತಕರಾರೂ ಇಲ್ಲ.

ಆದ್ರೆ 140 ವರ್ಷದ ಕಥೆ ಒಂದು ಮಾತು ಹೇಳ್ತದೆ. ಮೀಟರ್ ಬದಲಾದಾಗ ಬರೀ ಡಬ್ಬಿ ಬದಲಾಗೂದಿಲ್ಲ. ದುಡಿಮೆ ಇಲ್ಲದ ದಿನಗಳ ಭಾರ ಒಂದು ಹೆಗಲಿಂದ ಇನ್ನೊಂದಕ್ಕೆ ದಾಟ್ತದೆ. ತಿಂಗಳ ಸಂಬಳದ ಮನೆಗೆ ಇದು ಗೊತ್ತೇ ಆಗೂದಿಲ್ಲ. ಜೂನ್, ಜುಲೈ ತಿಂಗಳ ಮೀನುಗಾರರ ಮನೆಗೆ ಗೊತ್ತಾಗ್ತದೆ. ಹಾಗಾಗಿ ಕೇಳಬೇಕಾದ್ದು ಮೂರು: ಬ್ಯಾಲೆನ್ಸ್ ಮುಗಿದ ರಾತ್ರಿ ಕತ್ತಲೆ ಆಗದ ಹಾಗೆ ಕೆಲವು ದಿನದ ಕಡ ಉಂಟಾ? ಬೇಡ ಅನ್ನಿಸಿದ್ರೆ ಬಿಲ್ ಖಾತೆಗೆ ವಾಪಸ್ ಬರುವ ದಾರಿ ಬರವಣಿಗೆಯಲ್ಲಿ ಉಂಟಾ? ಕತ್ತಲಾದ ಮನೆಗಳ ಲೆಕ್ಕ ಯಾರಾದ್ರೂ ಇಡ್ತಾರಾ?

ಇವತ್ತೇ ಮಾಡಬಹುದಾದ ಕೆಲಸ: ಮನೆಯ ಕರೆಂಟ್ ಬಿಲ್ ತೆಗೀರಿ. ಆರ್‌ಆರ್ ನಂಬರ್ ನೋಡಿ, ಠೇವಣಿ ಎಷ್ಟು ಉಂಟು ನೋಡಿ, ವರ್ಷಕ್ಕೊಮ್ಮೆ ಅದರ ಬಡ್ಡಿ ಜಮಾ ಆಗಿದೆಯಾ ಅಂತ ಹಳೆ ಬಿಲ್ಲಲ್ಲಿ ಹುಡುಕಿ. ಮನೆ ಕಟ್ಟಿಸ್ತಿರುವ ಮಾವನೋ ಚಿಕ್ಕಮ್ಮನೋ ಇದ್ರೆ, ತಾತ್ಕಾಲಿಕದಿಂದ ಕಾಯಂಗೆ ಬೇಕಾದ ಕಾಗದಗಳನ್ನ ಈಗ್ಲೇ ಕೇಳಿ ಇಟ್ಕೊಳ್ಳಿಕ್ಕೆ ಹೇಳಿ, ಹೆಂಚು ಹೊದೆಸುವವರೆಗೆ ಕಾಯೂದು ಬೇಡ. ಅಕೌಂಟೆನ್ಸಿ ಕ್ಲಾಸಿನ ಡೆಟರ್, ಕ್ರೆಡಿಟರ್ ಎರಡೂ ನಮ್ಮ ಚಾವಡಿಯ ಗೋಡೆಯ ಮೇಲೇ ಇದ್ದಾರೆ. ಒಂದ್ಸಲ ತಲೆ ಎತ್ತಿ ಮೀಟರ್ ನೋಡಿ.

#ಕೋಡಿ #ಕುಂದಾಪ್ರ #ಕರೆಂಟಿನಕಡ #ಬಿಕಾಂಇತಿಹಾಸ